ಸ್ಕಾಲರ್‌ಶಿಪ್ ಹುಡುಕುವ ಮೊದಲು ಆ ತಾಯಿ ಮಗಳ ಜೊತೆ ಒಂದು ಶನಿವಾರ ಕೂತುಕೊಳ್ಳಿ

ನೀವು ಬರೆದಿದ್ದು ಇಷ್ಟು: ಸ್ಯಾನ್ ಹೋಸೆಯಲ್ಲಿದ್ದೀರಿ. ನಿಮ್ಮ ಮನೆ ಕ್ಲೀನಿಂಗ್‌ಗೆ ಬರುವ ಮೆಕ್ಸಿಕೋ ಮೂಲದ ಹೆಂಗಸಿನ ಮಗಳು 11ನೇ ಕ್ಲಾಸ್. ಚೆನ್ನಾಗಿ ಓದುತ್ತಾಳೆ, ಎಂಜಿನಿಯರಿಂಗ್ ಮಾಡುವ ಆಸೆ. ಮನೆಯಲ್ಲಿ ಯಾರೂ ಕಾಲೇಜಿಗೆ ಹೋದವರಲ್ಲ. ಲ್ಯಾಟಿನೋ ಮಕ್ಕಳಿಗೆ ಯಾವ ಯಾವ ಸ್ಕಾಲರ್‌ಶಿಪ್ ಇದೆ, ನಾನೇನು ಮಾಡಬಹುದು ಅಂತ ಕೇಳಿದ್ದೀರಿ.

ನಾನು ಇದೇ ಊರಿನ ಈಸ್ಟ್ ಸೈಡ್‌ನಲ್ಲಿ ಆರು ವರ್ಷದಿಂದ ಶನಿವಾರ ಬೆಳಗ್ಗೆ ಲೈಬ್ರರಿಯಲ್ಲಿ ಇಂಥ ಮಕ್ಕಳ ಜೊತೆ ಕೂರುತ್ತೇನೆ. ಅದರಿಂದ ಗೊತ್ತಾಗಿದ್ದನ್ನು ಹೇಳುತ್ತೇನೆ.

ಮೊದಲು ಒಂದು ವಿಷಯ. ನಮ್ಮವರು ಇದನ್ನು ಕೇಳುವಾಗ ಮನಸ್ಸಿನಲ್ಲಿ ನಮ್ಮ ಮೀಸಲಾತಿ ಇರುತ್ತದೆ. ಇಲ್ಲಿ ಆ ಥರ ಸೀಟು ಇಲ್ಲ. ಕ್ಯಾಲಿಫೋರ್ನಿಯಾದ ಸರ್ಕಾರಿ ಕಾಲೇಜುಗಳಲ್ಲಿ ಜನಾಂಗ ನೋಡಿ ಸೀಟು ಕೊಡುವುದನ್ನು 1996ರಲ್ಲೇ ಜನಮತದಿಂದ ನಿಲ್ಲಿಸಿದ್ದಾರೆ. 2023ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಅದೇ ಮಾತು ಹೇಳಿತು. ಹಾಗಾಗಿ ಆ ಹುಡುಗಿಗೆ ಸಿಗುವ ದೊಡ್ಡ ದುಡ್ಡು ‘ಲ್ಯಾಟಿನೋ’ ಅನ್ನೋ ಹೆಸರಿನಲ್ಲಿ ಬರುವುದಿಲ್ಲ. ಅಪ್ಪ ಅಮ್ಮನ ಆದಾಯ ನೋಡಿ ಬರುತ್ತದೆ. ಅದು ಸ್ಕಾಲರ್‌ಶಿಪ್ ವೆಬ್‌ಸೈಟುಗಳಲ್ಲಿ ಇಲ್ಲ, ಒಂದು ಫಾರ್ಮಿನಲ್ಲಿ ಇದೆ.

ಆ ಫಾರ್ಮಿನ ಹೆಸರು ಫಾಫ್ಸಾ. ಕೇಂದ್ರ ಸರ್ಕಾರದ್ದು, ಪೂರ್ತಿ ಉಚಿತ. ಸಾಮಾನ್ಯವಾಗಿ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತದೆ. ಅದರಿಂದ ಪೆಲ್ ಗ್ರಾಂಟ್ ಬರುತ್ತದೆ, 2025–26ರಲ್ಲಿ ವರ್ಷಕ್ಕೆ ಹೆಚ್ಚೆಂದರೆ 7,395 ಡಾಲರ್. ವಾಪಸ್ ಕೊಡಬೇಕಾಗಿಲ್ಲ. ಅದರ ಮೇಲೆ ರಾಜ್ಯದ ಕ್ಯಾಲ್ ಗ್ರಾಂಟ್ ಇದೆ. ಅರ್ಹತೆ ಇದ್ದರೆ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಅಥವಾ ಕ್ಯಾಲ್ ಸ್ಟೇಟ್ ಅನ್ನುವ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಟ್ಯೂಷನ್ ಫೀಸನ್ನೇ ಅದು ನೋಡಿಕೊಳ್ಳುತ್ತದೆ. ಇದಕ್ಕೆ ಕೊನೆಯ ದಿನ ಸಾಮಾನ್ಯವಾಗಿ ಮಾರ್ಚ್ 2. ಈ ತಾರೀಖನ್ನು ಅವರ ಫ್ರಿಜ್ ಮೇಲೆ ಅಂಟಿಸಿ ಬನ್ನಿ. 500 ಡಾಲರಿನ ಪ್ರಬಂಧ ಸ್ಪರ್ಧೆಗೆ ಹತ್ತು ದಿನ ಕೂತು ಬರೆದು ಮಾರ್ಚ್ 2 ತಪ್ಪಿಸಿಕೊಂಡ ಮಕ್ಕಳನ್ನು ನೋಡಿದ್ದೇನೆ. ತುಂಬಾ ಹೊಟ್ಟೆ ಉರಿಯುತ್ತದೆ.

ಈಗ ಸೂಕ್ಷ್ಮ ವಿಷಯ. ಆ ಮನೆಯವರ ಇಮಿಗ್ರೇಶನ್ ಪೇಪರ್ ಬಗ್ಗೆ ನೀವಾಗಿ ಕೇಳಬೇಡಿ. ನೀವು ಅವರಿಗೆ ಕೆಲಸ ಕೊಡುವವರು, ಅದನ್ನು ಮರೆಯಬಾರದು. “ಹುಡುಗಿಗೆ ಪೇಪರ್ ಇದ್ದರೂ ದಾರಿ ಇದೆ, ಇಲ್ಲದಿದ್ದರೂ ಇದೆ” ಅಂತ ಮಾತ್ರ ಹೇಳಿ, ಎರಡೂ ದಾರಿ ತಿಳಿಸಿ. ಪೇಪರ್ ಇಲ್ಲದ ಮಕ್ಕಳು ಫಾಫ್ಸಾ ತುಂಬುವ ಹಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮೂರು ವರ್ಷ ಓದಿ ಇಲ್ಲೇ ಹೈಸ್ಕೂಲ್ ಮುಗಿಸಿದ್ದರೆ 2001ರ ಎಬಿ 540 ಕಾನೂನಿನ ಪ್ರಕಾರ ರಾಜ್ಯದವರಿಗೆ ಇರುವ ಫೀಸೇ ಅವರಿಗೂ. 2011ರ ಕ್ಯಾಲಿಫೋರ್ನಿಯಾ ಡ್ರೀಮ್ ಆಕ್ಟ್‌ನಿಂದ ರಾಜ್ಯದ ಗ್ರಾಂಟ್ ಕೂಡ ಸಿಗುತ್ತದೆ. ಅದಕ್ಕೆ ಬೇರೆ ಅರ್ಜಿ ಇದೆ. ಅದನ್ನು ರಾಜ್ಯದವರೇ ನೋಡುತ್ತಾರೆ. “ಡಾಕಾ ಇಲ್ಲ, ಹಾಗಾಗಿ ಏನೂ ಸಿಗಲ್ಲ” ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಡಾಕಾ ಅಂದರೆ ಚಿಕ್ಕವರಿದ್ದಾಗ ಬಂದ, ಪೇಪರ್ ಇಲ್ಲದವರಿಗೆ ಗಡೀಪಾರಿನಿಂದ ತಾತ್ಕಾಲಿಕ ರಕ್ಷಣೆ ಕೊಡುವ ಕೇಂದ್ರದ ಯೋಜನೆ. ಅದಕ್ಕೆ 2007ರ ಜೂನ್‌ನಿಂದ ಇಲ್ಲೇ ಇರಬೇಕು ಅನ್ನುವ ನಿಯಮ ಇದೆ. ಈಗ ಹೈಸ್ಕೂಲಿನಲ್ಲಿರುವ ಮಕ್ಕಳು ಆಗ ಹುಟ್ಟಿಯೇ ಇರಲಿಲ್ಲ. ಡ್ರೀಮ್ ಆಕ್ಟ್ ಅರ್ಜಿಗೆ ಡಾಕಾ ಬೇಕಾಗಿಲ್ಲ.

ಮಗಳು ಇಲ್ಲೇ ಹುಟ್ಟಿದವಳು, ಅಪ್ಪ ಅಮ್ಮನಿಗೆ ಪೇಪರ್ ಇಲ್ಲ, ಇಂಥ ಮನೆಗಳು ಜಾಸ್ತಿ. ಅಲ್ಲಿ ಫಾಫ್ಸಾ ತುಂಬಿದರೆ ಅಪ್ಪ ಅಮ್ಮನ ವಿವರ ಕೇಂದ್ರ ಸರ್ಕಾರಕ್ಕೆ ಹೋಗುತ್ತದೆ. ಈಗಿನ ಪರಿಸ್ಥಿತಿಯಲ್ಲಿ ಆ ಭಯ ಸುಮ್ನೆ ಅಲ್ಲ. 2024ರಿಂದ ಕ್ಯಾಲಿಫೋರ್ನಿಯಾ ಇಂಥ ಮಕ್ಕಳೂ ಡ್ರೀಮ್ ಆಕ್ಟ್ ಅರ್ಜಿ ಹಾಕಲು ಬಿಟ್ಟಿದೆ. ರಾಜ್ಯದ ದುಡ್ಡು ಬರುತ್ತದೆ, ಪೆಲ್ ಬರುವುದಿಲ್ಲ. ಯಾವುದು ಸರಿ ಅಂತ ನಾವು ಹೇಳುವ ಹಾಗಿಲ್ಲ. ಅದು ಆ ಮನೆಯವರ ತೀರ್ಮಾನ. ಸಲಹೆ ಬೇಕಿದ್ದರೆ ನಿಜವಾದ ಇಮಿಗ್ರೇಶನ್ ವಕೀಲರ ಹತ್ತಿರ ಹೋಗಲಿ. ‘ನೊತಾರಿಯೊ’ ಅಂತ ಬೋರ್ಡ್ ಹಾಕಿಕೊಂಡವರ ಹತ್ತಿರ ಬೇಡ. ಮೆಕ್ಸಿಕೋದಲ್ಲಿ ಆ ಪದ ದೊಡ್ಡ ವಕೀಲರಿಗೆ ಹೇಳುವುದು. ಇಲ್ಲಿ ನೋಟರಿ ಅಂದರೆ ಸಹಿಗೆ ಸೀಲ್ ಹಾಕುವವರು, ಅಷ್ಟೇ. ಆ ಒಂದೇ ಪದದಿಂದ ದುಡ್ಡು ಕಳೆದುಕೊಂಡವರು ಎಷ್ಟೋ ಜನ. ಅವರ ನೆಂಟರು ಟೆಕ್ಸಸ್‌ನಲ್ಲಿದ್ದರೆ ಈ ಉತ್ತರ ಅವರಿಗೆ ಕೊಡಬೇಡಿ. ಅಲ್ಲಿ ಪೇಪರ್ ಇಲ್ಲದ ಮಕ್ಕಳಿಗೆ 2001ರಿಂದ ಇದ್ದ ಫೀಸ್ ಅನುಕೂಲ 2025ರ ಜೂನ್‌ನಲ್ಲಿ ಕೋರ್ಟಿನಲ್ಲಿ ಬಿದ್ದುಹೋಯಿತು.

ನಿಮ್ಮ ಸಹಾಯ ಎಲ್ಲಕ್ಕಿಂತ ಜಾಸ್ತಿ ಬೇಕಾಗುವುದು ಕಾಲೇಜಿನಿಂದ ಪತ್ರ ಬಂದ ಮೇಲೆ. ಒಂದು ಏಪ್ರಿಲ್ ಶನಿವಾರ ಒಬ್ಬ ಹುಡುಗಿ ತನ್ನ ಅಮ್ಮನನ್ನು ಕರೆದುಕೊಂಡು ಬಂದಿದ್ದಳು. ಅಮ್ಮ ಕೆಲಸದಿಂದ ನೇರ ಬಂದಿದ್ದರು, ಕೈಯಲ್ಲಿ ಇನ್ನೂ ಬ್ಲೀಚ್ ವಾಸನೆ. ಹಣ ಸಹಾಯದ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದರು. ಕೆಳಗಿನ ಒಟ್ಟು ಮೊತ್ತದ ಮೇಲೆ ಬೆರಳಿಟ್ಟು “ಬೆಕಾ, ಬೆಕಾ” ಅಂದರು. ಸ್ಪ್ಯಾನಿಷ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಬೆಕಾ ಅನ್ನುತ್ತಾರೆ. ನಾನು ಒಂದೊಂದೇ ಸಾಲು ನೋಡುತ್ತಾ ಹೋದೆ. ಪೆಲ್, ಸರಿ. ಕ್ಯಾಲ್ ಗ್ರಾಂಟ್, ಸರಿ. ಆಮೇಲೆ ‘ಸಬ್ಸಿಡೈಜ್ಡ್’ 3,500, ‘ಅನ್‌ಸಬ್ಸಿಡೈಜ್ಡ್’ 2,000. ಸಬ್ಸಿಡಿ ಅಂದರೆ ನಮಗೂ ಗೊಬ್ಬರದ ಸಬ್ಸಿಡಿ, ಗ್ಯಾಸ್ ಸಬ್ಸಿಡಿ ನೆನಪಾಗುತ್ತದೆ, ಅಲ್ವಾ? ಇಲ್ಲಿ ಅದು ಸಾಲ. ಓದು ಮುಗಿಯುವವರೆಗೆ ಬಡ್ಡಿ ಸರ್ಕಾರ ಕಟ್ಟುತ್ತದೆ ಅನ್ನುವುದಷ್ಟೇ ಸಬ್ಸಿಡಿ. ಇನ್ನೊಂದಕ್ಕೆ ಬಡ್ಡಿ ಮೊದಲ ದಿನದಿಂದಲೇ ಏರುತ್ತದೆ. ಆ ಪತ್ರದಲ್ಲಿ ‘ಸಾಲ’ ಅನ್ನುವ ಪದವೇ ಇರಲಿಲ್ಲ, ಎಲ್ಲ ಸೇರಿಸಿ ‘ನೆರವು’ ಅಂತ ಒಟ್ಟು ಹಾಕಿದ್ದರು. ಹುಡುಗಿ ಮೆಲ್ಲಗೆ “ಪ್ರೆಸ್ತಮೊ, ಮಾಮಾ” ಅಂದಳು. ಸಾಲ, ಅಮ್ಮಾ. ಅವರು ಬೆರಳು ಹಿಂದೆ ತೆಗೆದುಕೊಂಡರು.

ಆ ದಿನ ನಾವು ಮೂರೂ ಜನ ಒಂದು ಹಾಳೆಯಲ್ಲಿ ಎರಡು ಗೀಟು ಎಳೆದು ಮೂರು ಭಾಗ ಮಾಡಿದೆವು: ಸುಮ್ಮನೆ ಕೊಡುವುದು, ತೀರಿಸಬೇಕಾದ್ದು, ದುಡಿದು ಗಳಿಸಬೇಕಾದ್ದು. ಎಲ್ಲ ಕಾಲೇಜಿನ ಪತ್ರಗಳನ್ನೂ ಹೀಗೆ ಬಿಡಿಸಿ ಬರೆದಾಗ ಮೊದಲು ‘ದುಬಾರಿ’ ಅನ್ನಿಸಿದ್ದ ಕಾಲೇಜೇ ಅಗ್ಗ ಆಯಿತು. ನೀವೂ ಇಷ್ಟು ಮಾಡಿಕೊಡಿ. ಇದಕ್ಕೆ ಸ್ಪ್ಯಾನಿಷ್ ಬರಬೇಕು ಅಂತಿಲ್ಲ.

ನನ್ನ ಅಪ್ಪನಿಗೆ ಓದು ಬರೆಹ ಅಷ್ಟಾಗಿ ಬರುತ್ತಿರಲಿಲ್ಲ. ಹಿರಿಯೂರಿನಲ್ಲಿ ನನ್ನ ಹೈಸ್ಕೂಲ್ ಮೇಷ್ಟ್ರು ಆದಾಯ ಪ್ರಮಾಣಪತ್ರಕ್ಕೆ, ಹಾಸ್ಟೆಲ್ಲಿಗೆ ಅರ್ಜಿ ತುಂಬಿ, ಅಪ್ಪನ ಹೆಬ್ಬೆಟ್ಟು ಒತ್ತಿಸಿ, ತಾವೇ ತಾಲ್ಲೂಕು ಕಚೇರಿಗೆ ಬಂದಿದ್ದರು. ಆ ತಾಯಿಯ ಮುಂದೆ ಕೂತಾಗ ಅವರೇ ಕಣ್ಣಮುಂದೆ ಬರುತ್ತಾರೆ.

ಇನ್ನು ಓದಿನ ತಯಾರಿ. ಈ ವಾರವೇ ಅವಳ ಟ್ರಾನ್ಸ್‌ಕ್ರಿಪ್ಟ್ (ಕೋರ್ಸು, ಗ್ರೇಡುಗಳ ಪಟ್ಟಿ) ತರಿಸಿ ನೋಡಿ. ಯುಸಿ, ಕ್ಯಾಲ್ ಸ್ಟೇಟ್ ಎರಡಕ್ಕೂ ‘ಎ–ಜಿ’ ಅನ್ನುವ 15 ಕೋರ್ಸುಗಳು ಸಿ ಗ್ರೇಡ್ ಅಥವಾ ಮೇಲೆ ಆಗಿರಬೇಕು. ಯುಸಿಗೆ ಅದರಲ್ಲಿ 11 ಕೋರ್ಸು 12ನೇ ಕ್ಲಾಸ್ ಶುರುವಾಗುವ ಮೊದಲೇ ಮುಗಿದಿರಬೇಕು. ಒಂದು ಕಮ್ಮಿ ಬಿದ್ದರೆ ಬೇಸಿಗೆಯಲ್ಲಿ ಮಾಡಿಕೊಳ್ಳಬಹುದು, ಆದರೆ ಅದು ಈಗ ಗೊತ್ತಾಗಬೇಕು. ಎಂಜಿನಿಯರಿಂಗ್ ಆದ್ದರಿಂದ ಮ್ಯಾಥ್ಸ್ ನಾಲ್ಕೂ ವರ್ಷ ಇರಲಿ. ಎಸ್‌ಎಟಿ ಅನ್ನುವ ಪ್ರವೇಶ ಪರೀಕ್ಷೆಯ ಕೋಚಿಂಗ್‌ಗೆ ದುಡ್ಡು ಹಾಕಬೇಡಿ. ಈ ಎರಡೂ ಕಡೆ ಆ ಮಾರ್ಕ್ಸ್ ನೋಡುವುದೇ ಇಲ್ಲ.

ಯುಸಿ ಅರ್ಜಿಯಲ್ಲಿ ಎಂಟು ಪ್ರಶ್ನೆ ಕೊಟ್ಟು ನಾಲ್ಕಕ್ಕೆ 350 ಪದದ ಒಳಗೆ ಉತ್ತರ ಬರೆಯಲು ಹೇಳುತ್ತಾರೆ. ಈ ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ. “ನಾನು ಯಾವ ಕ್ಲಬ್ಬಿನಲ್ಲೂ ಇಲ್ಲ, ಬರೆಯಲು ಏನೂ ಇಲ್ಲ” ಅನ್ನುತ್ತಾರೆ. ಒಬ್ಬ ಹುಡುಗನನ್ನು ಸ್ಕೂಲ್ ಬಿಟ್ಟ ಮೇಲೆ ಏನು ಮಾಡುತ್ತೀಯ ಅಂತ ಕೇಳಿದೆ. ತಮ್ಮನನ್ನು ಕರೆತರುತ್ತಾನೆ, ಅಡುಗೆ ಬಿಸಿ ಮಾಡುತ್ತಾನೆ, ಅಜ್ಜಿಯ ಡಯಾಲಿಸಿಸ್‌ಗೆ ಜೊತೆ ಹೋಗಿ ಡಾಕ್ಟರ್ ಹೇಳಿದ್ದನ್ನು ಸ್ಪ್ಯಾನಿಷ್‌ನಲ್ಲಿ ಹೇಳುತ್ತಾನೆ. ಒಂಬತ್ತನೇ ವಯಸ್ಸಿನಿಂದ! ಇದನ್ನು ಬರೆಯಬಹುದು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಮನೆಯ ಜವಾಬ್ದಾರಿಯನ್ನು ಅರ್ಜಿಯಲ್ಲಿ ಚಟುವಟಿಕೆ ಅಂತಲೇ ಹಾಕಬಹುದು. ನೀವು ಅವಳ ಇಂಗ್ಲಿಷ್ ತಿದ್ದಲು ಹೋಗಬೇಡಿ. ಪ್ರಶ್ನೆ ಕೇಳಿ, ಅವಳು ಹೇಳಿದ್ದನ್ನು ಅವಳಿಂದಲೇ ಬರೆಸಿ.

ನೀವು ಕೇಳಿದ ಸ್ಕಾಲರ್‌ಶಿಪ್‌ಗಳಿಗೆ ಬರುತ್ತೇನೆ. ದೊಡ್ಡ ಹೆಸರು ಹಿಸ್ಪ್ಯಾನಿಕ್ ಸ್ಕಾಲರ್‌ಶಿಪ್ ಫಂಡ್, 1975ರಿಂದ ಇದೆ. ಅರ್ಜಿ ಸಾಮಾನ್ಯವಾಗಿ ಜನವರಿಯಿಂದ ಫೆಬ್ರವರಿ ಮಧ್ಯದವರೆಗೆ, ಹೈಸ್ಕೂಲಿನವರಿಗೆ 3.0 ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್) ಬೇಕು. 500ರಿಂದ 5,000 ಡಾಲರ್ ತನಕ ಕೊಡುತ್ತಾರೆ. ಪೇಪರ್ ಇಲ್ಲದ ಮಕ್ಕಳಿಗೆ ‘ದ ಡ್ರೀಮ್ ಡಾಟ್ ಯುಎಸ್’ ಇದೆ. ಕ್ವೆಸ್ಟ್‌ಬ್ರಿಜ್ ಯಾವ ಜನಾಂಗಕ್ಕೂ ಸೀಮಿತ ಅಲ್ಲ, ಆದರೆ ಬಡ ಮನೆಯ ಜಾಣ ಮಕ್ಕಳಿಗೆ ಇದಕ್ಕಿಂತ ದೊಡ್ಡ ಬಾಗಿಲು ನಾನು ನೋಡಿಲ್ಲ. ಆಯ್ಕೆಯಾದರೆ ನಾಲ್ಕೂ ವರ್ಷದ ಖರ್ಚು. ಅರ್ಜಿ 12ನೇ ಕ್ಲಾಸಿನ ಸೆಪ್ಟೆಂಬರ್ ಕೊನೆಗೇ ಮುಗಿಯುತ್ತದೆ, 11ನೇ ಕ್ಲಾಸಿನವರಿಗೆ ವಸಂತದಲ್ಲೇ ಬೇರೆ ಕಾರ್ಯಕ್ರಮ ಇದೆ. ಹಾಗಾಗಿ ಇವತ್ತೇ ನೋಡಿ. ಅರ್ಜಿಗೆ ಫೀಸ್ ಕೇಳುವ ಸ್ಕಾಲರ್‌ಶಿಪ್ ಕಂಡರೆ ಮುಟ್ಟಬೇಡಿ. ಸ್ಕೂಲ್ ಕೌನ್ಸೆಲರ್ ಹತ್ತಿರ ಊರಿನ ಸಣ್ಣಪುಟ್ಟ ಸ್ಕಾಲರ್‌ಶಿಪ್‌ಗಳ ಪಟ್ಟಿ ಇರುತ್ತದೆ. ಸ್ಪರ್ಧೆ ಕಮ್ಮಿ, ಸಿಗುವ ಸಾಧ್ಯತೆ ಜಾಸ್ತಿ.

ಕಮ್ಯೂನಿಟಿ ಕಾಲೇಜನ್ನು, ಅಂದರೆ ಊರಿನ ಎರಡು ವರ್ಷದ ಸರ್ಕಾರಿ ಕಾಲೇಜನ್ನು, ನಮ್ಮವರು ಕೀಳಾಗಿ ನೋಡುತ್ತಾರೆ. ದಯವಿಟ್ಟು ಆ ಮಾತು ಅವಳ ಮುಂದೆ ಬೇಡ. ಒಂದು ಯೂನಿಟ್‌ಗೆ 46 ಡಾಲರ್, ಆದಾಯ ಕಮ್ಮಿ ಇದ್ದರೆ ಅದೂ ಮನ್ನಾ. ಎರಡು ವರ್ಷ ಮಾಡಿ ಯುಸಿಗೆ ಹೋಗುವ ಖಾತ್ರಿ ದಾರಿ ಆರು ಯುಸಿಗಳಲ್ಲಿ ಇದೆ, ಎಂಜಿನಿಯರಿಂಗ್‌ಗೆ ಮಾತ್ರ ಆಯಾ ಕಾಲೇಜಿನ ನಿಯಮ ನೋಡಿಕೊಳ್ಳಬೇಕು. ಅಲ್ಲಿ ‘ಪುಯೆಂತೆ’ ಇದೆಯಾ ಕೇಳಲು ಹೇಳಿ. ಆ ಪದದ ಅರ್ಥ ಸೇತುವೆ. 1981ರಲ್ಲಿ ಇಲ್ಲೇ ಹತ್ತಿರ ಹೇವರ್ಡ್‌ನ ಶಾಬೋ ಕಾಲೇಜಿನಲ್ಲಿ ಶುರುವಾಯಿತು. ಇಂಗ್ಲಿಷ್ ಕ್ಲಾಸು, ಒಬ್ಬ ಕೌನ್ಸೆಲರ್, ಒಬ್ಬ ಮಾರ್ಗದರ್ಶಕ, ಮೂರೂ ಒಟ್ಟಿಗೆ. ಎಂಜಿನಿಯರಿಂಗ್‌ಗೆ ‘ಮೆಸಾ’ ಅನ್ನುವ ನೆರವಿನ ಕಾರ್ಯಕ್ರಮ ಇದೆ, 1970ರಲ್ಲಿ ಓಕ್ಲೆಂಡ್‌ನಲ್ಲಿ ಹುಟ್ಟಿದ್ದು. ‘ಎಸ್‌ಎಚ್‌ಪಿಇ’ ಅನ್ನುವ ಹಿಸ್ಪ್ಯಾನಿಕ್ ಎಂಜಿನಿಯರುಗಳ ಸಂಘ 1974ರದ್ದು, ಸ್ಯಾನ್ ಹೋಸೆ ಸ್ಟೇಟ್‌ನಲ್ಲಿ ಅದರ ಶಾಖೆ ಇದೆ. ತನ್ನ ಥರದ್ದೇ ಮನೆಯಿಂದ ಬಂದ ಹುಡುಗಿಯೊಬ್ಬಳು ಹೆಲ್ಮೆಟ್ ಹಾಕಿಕೊಂಡು ಸೇತುವೆ ಕಟ್ಟುವುದನ್ನು ನೋಡಿದರೆ ಆಗುವ ಧೈರ್ಯ ನನ್ನ ನಿಮ್ಮ ಮಾತಿನಿಂದ ಆಗುವುದಿಲ್ಲ. ಅಪ್ಪ ಅಮ್ಮ ಹೊಲದ ಕೂಲಿ ಮಾಡಿದವರಾದರೆ ‘ಕ್ಯಾಂಪ್’ ಅನ್ನುವ ಕೇಂದ್ರದ ಕಾರ್ಯಕ್ರಮ ಮೊದಲ ವರ್ಷ ಕೈ ಹಿಡಿಯುತ್ತದೆ. 2025ರಲ್ಲಿ ಇಂಥ ಎಷ್ಟೋ ಅನುದಾನಕ್ಕೆ ಕತ್ತರಿ ಬಿದ್ದಿದೆ, ಹಾಗಾಗಿ ನಂಬಿ ಕೂರುವ ಮೊದಲು ಕಾಲೇಜಿಗೆ ಫೋನ್ ಮಾಡಿ ಕೇಳಿ.

ಮಗಳು ದೂರದ ಊರಿಗೆ ಹೋಗುವ ಮಾತು ಬಂದಾಗ ಅಮ್ಮ ಹಿಂಜರಿದರೆ ‘ಹಿಂದುಳಿದ ಯೋಚನೆ’ ಅನ್ನಬೇಡಿ. ನನ್ನ ತಂಗಿಯನ್ನು ಮೈಸೂರಿಗೆ ಕಳಿಸುವಾಗ ನಮ್ಮ ಮನೆಯಲ್ಲೂ ಮೂರು ದಿನ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ. ಅಮ್ಮನನ್ನೂ ಕರೆದುಕೊಂಡು ಒಂದು ದಿನ ಕ್ಯಾಂಪಸ್ ನೋಡಿ ಬನ್ನಿ. ಮಗಳು ಮಲಗುವ ಕೋಣೆ, ಊಟ ಮಾಡುವ ಜಾಗ ಅವರ ಕಣ್ಣಿಗೆ ಬೀಳಲಿ.

ಸೀಟು ಸಿಕ್ಕ ಮೇಲೆ ಬೇಸಿಗೆಯಲ್ಲೂ ಕೈ ಬಿಡಬೇಡಿ. ಜೂನ್, ಜುಲೈನಲ್ಲಿ ಕಾಲೇಜಿನಿಂದ ಮೇಲ್ ಮೇಲೆ ಮೇಲ್ ಬರುತ್ತದೆ: ಹಾಸ್ಟೆಲ್ ಡೆಪಾಸಿಟ್, ಲಸಿಕೆ ದಾಖಲೆ, ಕೊನೆಯ ಟ್ರಾನ್ಸ್‌ಕ್ರಿಪ್ಟ್, ಆರೋಗ್ಯ ವಿಮೆ ಬೇಡ ಅನ್ನುವ ಫಾರ್ಮ್. ಸ್ಕೂಲ್ ಕೌನ್ಸೆಲರ್ ಆಗ ರಜೆಯಲ್ಲಿರುತ್ತಾರೆ. ಸೀಟು ಸಿಕ್ಕಿಯೂ ಆಗಸ್ಟ್‌ನಲ್ಲಿ ಕಾಲೇಜಿಗೆ ಹೋಗದೇ ಉಳಿದ ಮಕ್ಕಳನ್ನು ನಾನು ಕಂಡಿದ್ದೇನೆ. ಹದಿನೈದು ದಿನಕ್ಕೊಮ್ಮೆ ಅವಳ ಜೊತೆ ಕೂತು ಆ ಮೇಲ್ ಡಬ್ಬಿ ತೆರೆದು ನೋಡಿ. ಈಸ್ಟ್ ಸೈಡ್ ಕಡೆ ಬರಲು ಆಗುವುದಾದರೆ ಅವಳನ್ನೂ ಅಮ್ಮನನ್ನೂ ಶನಿವಾರ ಬೆಳಗ್ಗೆ ಕರೆತನ್ನಿ, ಟ್ರಾನ್ಸ್‌ಕ್ರಿಪ್ಟ್ ಜೊತೆಗಿರಲಿ. ಇಲ್ಲೇ ಒಂದು ಕಾಮೆಂಟ್ ಹಾಕಿದರೆ ಸಮಯ ತಿಳಿಸುತ್ತೇನೆ.