ಅಘನಾಶಿನಿ ಅಳಿವೆಯ ನೀರಿನ ಉಷ್ಣತೆ ಮತ್ತು ಹೂಳಿನ ಮಾಪನದ ಕುರಿತು

ತದಡಿಯ ಬಳಿ ವಾರಕ್ಕೊಮ್ಮೆ ಬೆಳಿಗ್ಗೆ 9 ಗಂಟೆಗೆ ನೀರಿನ ಉಷ್ಣತೆ ಅಳೆದು, ತಳದ ಕೆಸರನ್ನೂ ಸಂಗ್ರಹಿಸುತ್ತಿದ್ದರೂ ಅಂಕಿಗಳಲ್ಲಿ ಯಾವ ಕ್ರಮವೂ ಕಾಣುತ್ತಿಲ್ಲವೇಕೆ ಎಂದು ತಾವು ಕೇಳಿದ್ದೀರಿ. ತೊಡಕಿರುವುದು ಉಪಕರಣದಲ್ಲಲ್ಲ, ವೇಳೆಯಲ್ಲಿ ಎಂದು ನನ್ನ ಅಭಿಪ್ರಾಯ. ಉಬ್ಬರವು ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ, ಈ ವಾರ 9 ಗಂಟೆಗೆ ಉಬ್ಬರದ ಸಮುದ್ರದ ನೀರನ್ನು ಅಳೆದರೆ ಮುಂದಿನ ವಾರ ಅದೇ ಗಂಟೆಗೆ ಇಳಿತದಲ್ಲಿ ಹೊರಹರಿಯುವ ನದಿಯ ನೀರನ್ನು ಅಳೆದಂತಾಗುತ್ತದೆ. ಪ್ರತಿ ಅಮಾವಾಸ್ಯೆಯಂದು ಒಂದೇ ಗಂಟೆಗೆ ಹೋದರೆ ಉಬ್ಬರದ ಹಂತವೂ ಬಿಸಿಲಿನ ಹೊತ್ತೂ ಬಹುಮಟ್ಟಿಗೆ ಒಂದೇ ಆಗಿರುತ್ತವೆ.

ಮೇಲ್ಮೈಯನ್ನಷ್ಟೇ ಅಳೆಯಬೇಡಿ. ಮಳೆಗಾಲದಲ್ಲಿ ಹಗುರವಾದ ಸಿಹಿನೀರು ಮೇಲೆ ಹರಿಯುತ್ತಿರುವಾಗ ಭಾರವಾದ ಉಪ್ಪುನೀರು ಅದರಡಿಯಲ್ಲಿ ಒಳನುಗ್ಗಬಲ್ಲದಾದ್ದರಿಂದ, ತಳದ ಉಷ್ಣತೆಯನ್ನೂ ಲವಣಾಂಶವನ್ನೂ ಜೊತೆಗೇ ದಾಖಲಿಸದಿದ್ದರೆ ಯಾವ ನೀರನ್ನು ಅಳೆದಿರೆಂಬುದೇ ತಿಳಿಯುವುದಿಲ್ಲ.

ಕೆಸರನ್ನು ಮೊದಲು ಬೆರಳುಗಳ ನಡುವೆ ಉಜ್ಜಿ ನೋಡಿ. ಮರಳು ಕರಕರ ಎನ್ನುತ್ತದೆ, ಜೇಡಿ ಬೆಣ್ಣೆಯಂತೆ ಜಾರಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ 63 ಮೈಕ್ರಾನ್ ಜರಡಿಯಲ್ಲಿ ತೊಳೆದು, ಮೇಲುಳಿದ ಮರಳು ಮತ್ತು ಕೆಳಗಿಳಿದ ನುಣುಪಾದ ಕೆಸರು, ಈ ಎರಡು ಭಾಗಗಳನ್ನೂ ಒಣಗಿಸಿ ತೂಗಿ. ಚಿಪ್ಪಿನ ಚೂರುಗಳನ್ನು ಬೇರ್ಪಡಿಸಿಯೇ ತೂಗಬೇಕು. ಬಳಚು (ಚಿಪ್ಪುಮೀನು) ಹೇರಳವಾಗಿರುವ ಈ ಅಳಿವೆಯಲ್ಲಿ ಅವು ಮರಳಿನ ಲೆಕ್ಕವನ್ನೇ ಕೆಡಿಸುತ್ತವೆ.

ಹೋಲಿಕೆಗೆ ಪಕ್ಕದ ಶರಾವತಿ ಅಳಿವೆಯನ್ನು ಆರಿಸಿಕೊಳ್ಳುವುದಾದರೆ ಎಚ್ಚರಿಕೆಯಿರಲಿ. ಅಲ್ಲಿ ವಿದ್ಯುದಾಗಾರಗಳಿಂದ ಬೇಸಿಗೆಯಲ್ಲೂ ಸಿಹಿನೀರು ಬರುತ್ತದೆ. ದೊಡ್ಡ ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಹಾಗಲ್ಲ.