ಸ್ಕಾಟ್ಲೆಂಡ್ ಹಳ್ಳಿಗಳ ಕಮ್ಯುನಿಟಿ ಕೌನ್ಸಿಲ್‌ಗೆ, ಅಂದರೆ ಊರಿನವರದ್ದೇ ಪುಟ್ಟ ಸಮಿತಿಗೆ, ರಸ್ತೆ ಗುಂಡಿ ಮುಚ್ಚಿಸುವ ಅಧಿಕಾರವೂ ಇಲ್ಲ. ಮತ್ತೆ ಅದು ಯಾಕಿದೆ?

ಊರಿನ ಮಾತನ್ನು ಮೇಲಿನವರಿಗೆ ಮುಟ್ಟಿಸೋಕೆ. 1973ರ ಸ್ಥಳೀಯಾಡಳಿತ ಕಾಯ್ದೆ ಅದಕ್ಕೆ ಕೊಟ್ಟ ಮುಖ್ಯ ಕೆಲಸವೇ ಅದು.

ರಸ್ತೆ, ಶಾಲೆ, ಕಸ ಎಲ್ಲ ನೋಡಿಕೊಳ್ಳುವುದು 32 ದೊಡ್ಡ ಕೌನ್ಸಿಲ್‌ಗಳು. ದೊಡ್ಡವು ಅಂದರೆ ಎಷ್ಟು? ಹೈಲ್ಯಾಂಡ್ ಕೌನ್ಸಿಲ್ ಒಂದೇ 25,000 ಚದರ ಕಿ.ಮೀ.ಗಿಂತ ಜಾಸ್ತಿ. ಇನ್ವರ್ನೆಸ್‌ನ ಕಚೇರಿಯಲ್ಲಿ ಕೂತವರಿಗೆ ಸ್ಕೈ ದ್ವೀಪದ ಯಾವುದೋ ತಿರುವಿನಲ್ಲಿ ಮಳೆನೀರು ನಿಲ್ಲುತ್ತೆ ಅಂತ ಹೇಗೆ ಗೊತ್ತಾಗಬೇಕು? ಊರಿನವರೇ ಹೇಳಬೇಕು, ಅಲ್ವಾ? ಕಮ್ಯುನಿಟಿ ಕೌನ್ಸಿಲ್ ಸಭೆಗೆ ಬರುವ ಸದಸ್ಯರಿಗೆ ಸಂಬಳ ಇಲ್ಲ. ತೆರಿಗೆ ಹಾಕುವ ಹಕ್ಕೂ ಇಲ್ಲ. ಖರ್ಚಿಗೆ ದೊಡ್ಡ ಕೌನ್ಸಿಲ್ ಕೊಡುವ ಚಿಕ್ಕ ಅನುದಾನವೇ ಗತಿ.

ಹಾಗಂತ ಸುಮ್ನೆ ಹರಟೆಕಟ್ಟೆ ಅಂದುಕೊಳ್ಳಬೇಡಿ. ಊರಲ್ಲಿ ಯಾರಾದರೂ ಮನೆ, ಹೋಟೆಲ್ ಕಟ್ಟೋಕೆ ಅರ್ಜಿ ಹಾಕಿದರೆ, ಅದರ ಬಗ್ಗೆ ಅಭಿಪ್ರಾಯ ಕೊಡುವ ಹಕ್ಕು ಕಾನೂನಿನಲ್ಲೇ ಇದೆ. ಕೊನೆಯ ತೀರ್ಮಾನ ಇವರದ್ದಲ್ಲ, ಆದರೆ ಇವರು ಹೇಳಿದ್ದನ್ನು ಪರಿಗಣಿಸಲೇಬೇಕು.

ವಿದ್ಯುತ್ ತಯಾರಿಸುವ ಗಾಳಿಯಂತ್ರ ಬಂದ ಊರುಗಳಲ್ಲಿ ಕತೆ ಇನ್ನೂ ರಂಗೇರುತ್ತದೆ. ಕಂಪನಿಗಳು ಮೆಗಾವ್ಯಾಟ್‌ಗೆ ವರ್ಷಕ್ಕೆ 5,000 ಪೌಂಡ್ ಊರಿಗೆ ಕೊಡಲಿ ಅನ್ನುವುದು ಸ್ಕಾಟಿಷ್ ಸರ್ಕಾರದ ಸಲಹೆ. ಕಡ್ಡಾಯವಲ್ಲ. ಆ ದುಡ್ಡು ಸಮುದಾಯ ಭವನದ ಛಾವಣಿಗೋ, ಮಕ್ಕಳ ಆಟದ ಮೈದಾನಕ್ಕೋ ಅನ್ನುವ ಚರ್ಚೆ ಎಷ್ಟೋ ಕಡೆ ಇದೇ ಸಭೆಯಲ್ಲಿ ನಡೆಯುತ್ತದೆ.