ಬರ್ಮಾದ (ಮ್ಯಾನ್ಮಾರ್‌ನ) ಮೋನ್ ಜನಾಂಗದ ವಿದ್ಯಾರ್ಥಿಗಳು ಹೊರದೇಶಕ್ಕೆ ಓದಲು ಹೋಗುವುದು ಹೇಗೆ?

ಹೆಚ್ಚಿನವರ ದಾರಿ ಥಾಯ್ಲೆಂಡ್ ಮೂಲಕ. ಮೋನ್ ರಾಜ್ಯಕ್ಕೆ ಆ ಗಡಿ ಹತ್ತಿರ. ಊರಿನವರು ಯಾರಾದರೂ ಆಗಲೇ ಬ್ಯಾಂಕಾಕ್ ಪಕ್ಕದ ಮಹಾಚೈನಲ್ಲಿ ಸಿಗಡಿ ಸುಲಿಯುವ ಕೆಲಸದಲ್ಲಿರುತ್ತಾರೆ.

ನಿಜವಾದ ತೊಡಕು ಸರ್ಟಿಫಿಕೇಟಿನದು. ಮೋನ್ ಬಂಡುಕೋರರಿಗೂ ಬರ್ಮಾ ಸರ್ಕಾರಕ್ಕೂ ಆದ 1995ರ ಕದನವಿರಾಮದ ನಂತರ ಮೋನ್ ಸಂಘಟನೆಯೇ ನಡೆಸುವ ಮೋನ್ ರಾಷ್ಟ್ರೀಯ ಶಾಲೆಗಳು ಹೆಚ್ಚಿದವು. ಪ್ರಾಥಮಿಕ ಹಂತದಲ್ಲಿ ಮೋನ್ ಮಾಧ್ಯಮ, ಮೇಲೆ ಹೋದಂತೆ ಬರ್ಮೀಸ್. ಆ ಶಾಲೆಗಳಿಗೆ ಸರ್ಕಾರದ ಮಾನ್ಯತೆ ಇಲ್ಲ. ಕಾಲೇಜು ಬೇಕೆಂದರೆ ಸರ್ಕಾರಿ ಮೆಟ್ರಿಕ್ ಪರೀಕ್ಷೆಗೇ ಕೂರಬೇಕು. 2021ರ ಸೇನಾ ದಂಗೆಯ ಬಳಿಕ ಅದನ್ನೂ ಎಷ್ಟೋ ಜನ ಬಹಿಷ್ಕರಿಸಿದರು.

ಹಾಗಾಗಿ ಅನೇಕರು ಹಿಡಿಯುವುದು ಹೈಸ್ಕೂಲು ಮುಗಿಸಿದ್ದಕ್ಕೆ ಸಮನಾದ ಅಮೆರಿಕದ ಜಿಇಡಿ ಪರೀಕ್ಷೆಯನ್ನು: ಗಣಿತ, ವಿಜ್ಞಾನ, ಸಮಾಜ, ಇಂಗ್ಲಿಷ್, ಪ್ರತಿಯೊಂದರಲ್ಲೂ ಕನಿಷ್ಠ 145 ಅಂಕ. ಮನೆಯಲ್ಲಿ ಮೋನ್, ಶಾಲೆಯಲ್ಲಿ ಬರ್ಮೀಸ್, ಸಂತೆಯಲ್ಲಿ ಥಾಯ್ ಆಡುವ ಹುಡುಗಿ ಇದನ್ನು ಇಂಗ್ಲಿಷಿನಲ್ಲಿ ಬರೆಯಬೇಕು, ನೋಡಿ! ಪಾಸಾದರೆ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನ ಪಾಯಪ್‌ನಂಥ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಬಹುದು. ಫೀಸಿಗೆ ವಿದ್ಯಾರ್ಥಿವೇತನ, ಇಲ್ಲವೇ ಅಣ್ಣ-ಅಕ್ಕಂದಿರ ಕೂಲಿ.

ಹುಡುಗರಿಗೆ ಈಗ ಇನ್ನೂ ಕಷ್ಟ. 2024ರ ಫೆಬ್ರವರಿಯಲ್ಲಿ ಕಡ್ಡಾಯ ಸೇನಾ ಸೇವೆಯ ಕಾನೂನು ಜಾರಿಗೆ ಬಂತು, ಗಂಡಸರಿಗೆ 18ರಿಂದ 35 ವಯಸ್ಸು. ಅದೇ ವರ್ಷದ ಮೇ ತಿಂಗಳಲ್ಲಿ ಗಂಡಸರು ಹೊರದೇಶದ ಕೆಲಸಕ್ಕೆ ಅರ್ಜಿ ಹಾಕುವುದನ್ನೇ ತಡೆಹಿಡಿದರು.